ಓಣಿಗೆ ಬೇರಿಳಿದ ಕುಂಡ

ಮೀನಿನ ಚೀಲ ಹಿಡಿದು ಮನೆಗೆ ಬರುತ್ತಿದ್ದ ಜಯಂತಿಯ ಕಾಲ್ಬೆರಳು ಓಣಿಯಲ್ಲಿದ್ದ ಸಿಮೆಂಟಿನ ಕುಂಡಕ್ಕೆ ರಪ್ಪನೆ ಬಡಿಯಿತು. ಅವಳಿಗೆ ನೋವಿಗಿಂತ ಸಿಟ್ಟೇ ಹೆಚ್ಚು ಬಂತು. ನಿನ್ನೆ ಸಂಜೆಯವರೆಗೆ ಆ ಕುಂಡ ಅಲ್ಲಿರಲಿಲ್ಲ.

“ಇದನ್ನ ಎಂತಕ್ಕೆ ಇಲ್ಲಿ ತಂದಿಟ್ರಿ?”

ಗಿಡಗಳಿಗೆ ನೀರು ಬಿಡುತ್ತಿದ್ದ ಅವಳ ಗಂಡ ರಮಾನಂದ ತಿರುಗಿಯೂ ನೋಡಲಿಲ್ಲ. “ಅಂಗಳದಲ್ಲಿ ಬಿಸ್ಲು ಸಾಲೂದಿಲ್ಲ. ದಾಸವಾಳ ಮೊಗ್ಗು ಉದುರಿಸ್ತದೆ.”

“ನನ್ನ ಬೆರಳು ಉದುರಿದ್ರೆ ಅಡ್ಡಿಲ್ಲ ಅಲ್ದಾ?”

“ನೆಲ ನೋಡ್ಕಂಡು ನಡೀಬೇಕು.”

ಇವರ ಹತ್ತಿರ ಮಾತಾಡುವುದೂ ಒಂದೇ, ಗೋಡೆಯ ಹತ್ತಿರ ಮಾತಾಡುವುದೂ ಒಂದೇ ಎಂದುಕೊಂಡು ಜಯಂತಿ ಕುಂಟುತ್ತಾ ಒಳಗೆ ಹೋದಳು. ಕುಮಟೆಯ ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದ ಮನುಷ್ಯ ನಿವೃತ್ತಿಯಾಗಿ ಕಡಲ ದಂಡೆಯ ಮಂಕಿ ಊರಿಗೆ ಬಂದ ಹೊಸತರಲ್ಲಿ ಒಂದು ಗುಲಾಬಿ ತಂದಾಗ ಅವಳಿಗೂ ಸಂತೋಷವೇ ಆಗಿತ್ತು. ಕೈ ಕಟ್ಟಿ ಕೂತು ತನ್ನ ಅಡಿಗೆಗೆ ಹೆಸರಿಡುವುದಕ್ಕಿಂತ ಗಿಡ ನೋಡಿಕೊಂಡಿರಲಿ ಎನಿಸಿತ್ತು. ಆದರೆ ಗುಲಾಬಿಯ ಹಿಂದೆ ಕ್ರೋಟನ್ ಬಂತು, ಮಲ್ಲಿಗೆ ಬಂತು. ಸಿಮೆಂಟಿನ ಕುಂಡ ಮುಗಿದ ಮೇಲೆ ಪೇಂಟಿನ ಡಬ್ಬ, ಮೀನಿನ ಥರ್ಮೋಕೋಲ್ ಪೆಟ್ಟಿಗೆ, ಒಡೆದ ಬಕೆಟ್, ಗುಜರಿಯಿಂದ ತಂದ ಬಸ್ಸಿನ ಟಯರು, ಹೀಗೆ ಮಣ್ಣು ಹಿಡಿಯುವ ಪಾತ್ರೆಗಳೆಲ್ಲ ಬಂದವು. ಅಂಗಳ ತುಂಬಿತು. ಆಮೇಲೆ ಕುಂಡಗಳು ಅಂಗಳದ ಸುತ್ತಿನ ಪಾಗಾರ ದಾಟಿ ಓಣಿಗೆ ಇಳಿದವು. ಮೊದಲು ಗೋಡೆಗೆ ಒತ್ತಿಕೊಂಡು ಒಂದು ಸಾಲು, ಅದರ ಮುಂದೆ ಇನ್ನೊಂದು. ಕಡಲ ದಂಡೆಯಿಂದ ಹಿಂದಿನ ಮನೆಗಳಿಗೆ ಹೋಗುವ ದಾರಿ ಅದೊಂದೇ. ಜನ ಅಡ್ಡ ತಿರುಗಿ ನಡೆಯುವುದನ್ನು ಕಲಿತರು. ಗಿಡದ ಮೇಲೆ ಜಗಳ ಮಾಡಲು ಯಾರಿಗೂ ಬಾಯಿ ಬರಲಿಲ್ಲ.

ಆ ಸಂಜೆ ಹಿಂದಿನ ಮನೆಯ ಬೊಮ್ಮ ಬಂದ. ಹೆಗಲ ಟುವಾಲು ತೆಗೆದು ಮುಖ ಒರೆಸಿಕೊಂಡು ನಿಂತ.

“ರಮಾನಂದಣ್ಣ, ದೊಡ್ಡ ಗಾಳಿ ಬರ್ತದೆ ಹೇಳ್ತಿದ್ದಾರೆ. ನಾಳೆ ದೋಣಿ ದಂಡೆಯಿಂದ ಮನೆಗೆ ತರಬೇಕು. ಕುಂಡ ಸ್ವಲ್ಪ ಒಳಗೆ ತಕಂಡ್ರೆ ಉಪಕಾರ ಆಗ್ತಿತ್ತು.”

ಮಳೆಗಾಲಕ್ಕೆ ಮೊದಲು ಪಾತಿ ದೋಣಿಯನ್ನು ಹೆಗಲ ಮೇಲೆ ಹೊತ್ತು ತಂದು, ಅಂಗಳದಲ್ಲಿ ಮಗುಚಿ, ತೆಂಗಿನ ಮಡಲು ಹೊದಿಸುವುದು ಆ ಕೇರಿಯವರ ಪದ್ಧತಿ. ಹೋದ ವರ್ಷ ಹೇಗೋ ನುಸುಳಿಸಿದ್ದರು. ಈ ವರ್ಷ ಅಷ್ಟು ಜಾಗ ಉಳಿದಿರಲಿಲ್ಲ.

“ಈ ಓಣಿ ಮೊದಲು ಹೇಗಿತ್ತು, ನೀನೇ ಹೇಳು,” ಎಂದ ರಮಾನಂದ. “ಪ್ಲಾಸ್ಟಿಕ್ ಕೊಟ್ಟೆ, ಹರಿದ ಬಲೆ, ಮೀನಿನ ಕಸ. ಮೂಗು ಮುಚ್ಕಂಡು ಓಡಾಡೂದಾಗಿತ್ತು. ನಾನು ಗಿಡ ಇಟ್ಟ ಮೇಲೆ ಒಬ್ಬರೂ ಕಸ ಒಗೀಲಿಲ್ಲ. ಒಳ್ಳೇದು ಮಾಡಿದವ್ನ ಮೇಲೇ ತಕರಾರಾ?”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಬೊಮ್ಮನೂ ಅಲ್ಲಗಳೆಯಲಿಲ್ಲ. “ಹೂವು ಬೇಡ ಹೇಳಿಲ್ಲ ಅಣ್ಣಾ. ಆಳಾದ್ರೆ ಅಡ್ಡ ತಿರುಗಿ ನಡೀತಾನೆ. ದೋಣಿ ತಿರುಗೂದಿಲ್ಲ.”

“ದಂಡೆಯ ತೆಂಗಿನ ಮರಕ್ಕೆ ಕಟ್ಟಿ ಇಡು.”

“ಆ ಮರದ ಬುಡಾನೇ ಕಡಲು ತಿಂತಾ ಅದೆ. ದೋಣಿ ಹೋದ್ರೆ ನಾವು ಎಂತ ಮಾಡೂದು?”

“ಈಗ ಅಲುಗಿಸಿದ್ರೆ ಬೇರು ಸಾಯ್ತದೆ. ನೋಡುವ, ನಾಳೆ ಮಾತಾಡುವ.”

ಬೊಮ್ಮ ತಲೆ ತಗ್ಗಿಸಿ ಹೋದ. ಜಯಂತಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. “ಡಿಪೋದಲ್ಲಿ ಅಷ್ಟೆಲ್ಲ ಬಸ್ಸಿಗೆ ದಾರಿ ಬಿಡಿಸಿದವ್ರು ನೀವು. ಒಂದು ದೋಣಿಗೆ ದಾರಿ ಬಿಡೂಕೆ ಆಗೂದಿಲ್ವಾ?” ಎಂದು ಕೇಳಿದಳು. ಅವನು ಟಿವಿಯ ದನಿ ಜೋರು ಮಾಡಿದ.

ಮರುದಿನ ಮಾತಾಡುವವರೆಗೆ ಕಡಲು ಕಾಯಲಿಲ್ಲ. ಬೆಳಿಗ್ಗೆಯೇ ಗಾಳಿ ಎದ್ದು, ತೆರೆ ದೋಣಿಯ ಬುಡಕ್ಕೇ ಬಂತು. ಇದ್ದವರೆಲ್ಲ ಸೇರಿ ದೋಣಿಯನ್ನು ಹೆಗಲಿಗೆ ಏರಿಸಿಕೊಂಡು ಓಣಿಗೆ ಬಂದೇಬಿಟ್ಟರು. ಮಳೆ ಬಾರಿಸುತ್ತಿತ್ತು. ರಮಾನಂದನ ಪಾಗಾರದ ಹತ್ತಿರ ಎಲ್ಲರೂ ನಿಂತರು. ಮುಂದೆ ದಾರಿಯಿಲ್ಲ, ಕೆಳಗಿಳಿಸಲು ಜಾಗವೂ ಇಲ್ಲ.

ಕೊಡೆ ಹಿಡಿದು ಹೊರಗೆ ಬಂದ ರಮಾನಂದ ಕೈ ಬೀಸತೊಡಗಿದ. “ಸ್ವಲ್ಪ ಎಡಕ್ಕೆ... ಓರೆ ಮಾಡಿ... ಬರ್ತದೆ, ಬರ್ತದೆ!”

“ಎಂತ ಬರ್ತದೆ? ನಿಮ್ಮ ತಲೆ ಬರ್ತದೆ!” ಜಯಂತಿ ಸೀರೆ ಎತ್ತಿ ಕಟ್ಟಿ ಓಣಿಗೆ ಇಳಿದಳು. ಬೊಮ್ಮನ ಹೆಂಡತಿ ಗಂಗಿಯೂ ಓಡಿ ಬಂದಳು. ಇಬ್ಬರೂ ಸೇರಿ ಕುಂಡಗಳನ್ನು ದರದರ ಎಳೆದು ಗೇಟಿನೊಳಗೆ ತಳ್ಳಿದರು. “ಬೇರು, ಬೇರು!” ಎಂದು ರಮಾನಂದ ಹಿಂದೆಮುಂದೆ ಓಡಾಡಿದ. ದೋಣಿಯ ಅಡಿಯಲ್ಲಿ ಆಳುಗಳ ಕಾಲು ನಡುಗುತ್ತಿದ್ದವು. ಇಂಥ ಮನುಷ್ಯನ ಜೊತೆ ಇಷ್ಟು ವರ್ಷ ಹೇಗೆ ಬಾಳಿದೆನೋ ಎಂದು ಜಯಂತಿಗೆ ಅಳುವೇ ಬಂತು.

ಕೊನೆಗೆ ಉಳಿದದ್ದು ಟಯರಿನಲ್ಲಿದ್ದ, ಮುಳ್ಳು ತುಂಬಿದ ಕಾಗದದ ಹೂವಿನ ಗಿಡ. ಜಯಂತಿ, ಗಂಗಿ ಇಬ್ಬರೂ ಜಗ್ಗಿದರು. ಅಲುಗಲಿಲ್ಲ. ಟಯರಿಗೆ ತಳವಿರಲಿಲ್ಲ. ಗಿಡ ಓಣಿಯ ನೆಲಕ್ಕೇ ಬೇರು ಬಿಟ್ಟು ಕೂತಿತ್ತು.

“ಗಂಗತ್ಗೆ, ಮನೆಯಿಂದ ಕತ್ತಿ ತಾ. ಒಂದೇ ಏಟಿಗೆ ಕಡಿದು ಒಗೆಯುವ,” ಎಂದು ದೋಣಿಯಡಿಯಿಂದ ಬೊಮ್ಮನ ತಮ್ಮ ಅರುಣ ಕೂಗಿದ.

ಗಂಗಿ ಕತ್ತಿ ತಂದಳು.

“ಬೇಡ,” ಎಂದ ಬೊಮ್ಮ. “ಆ ಬದಿಗೆ ನಾನು ಬರ್ತೆ. ನೀವು ಎದುರು ಗೋಡೆ ಬದಿಗೆ ಒತ್ತಿಕೊಳ್ಳಿ.”

ಬೊಮ್ಮ ಜಾಗ ಬದಲಿಸಿ ಗಿಡದ ಪಕ್ಕಕ್ಕೆ ಬಂದ. ಬರಿ ಮೈ. ಮುಳ್ಳಿನ ಕೊಂಬೆಗಳಿಗೆ ಮೈಯೊಡ್ಡಿಕೊಂಡೇ ಒಂದೊಂದು ಹೆಜ್ಜೆ ಇಟ್ಟ. ದೋಣಿ ದಾಟಿತು.

ಬೊಮ್ಮನ ಅಂಗಳದಲ್ಲಿ ದೋಣಿ ಇಳಿಸಿದಾಗ ಎಲ್ಲರೂ ನೆಲಕ್ಕೆ ಕುಸಿದು ಕೂತರು. ಬೊಮ್ಮನ ತೋಳು, ಪಕ್ಕೆಯ ಉದ್ದಕ್ಕೂ ಮುಳ್ಳು ಗೀರಿ ರಕ್ತ ಮಳೆನೀರಿನ ಜೊತೆ ಇಳಿಯುತ್ತಿತ್ತು. ಗಂಗಿ ಮುಳ್ಳಿನ ತುದಿಗಳನ್ನು ಕೀಳತೊಡಗಿದಳು. ಹಿಂದೆಯೇ ಬಂದಿದ್ದ ರಮಾನಂದ ಅದನ್ನು ನೋಡುತ್ತಾ ನಿಂತ. ಕೊಡೆ ಎಲ್ಲೋ ಬಿದ್ದುಹೋಗಿತ್ತು.

“ಕತ್ತಿ ಕೈಗೆ ಬಂದಿತ್ತಲ್ಲ ಬೊಮ್ಮ,” ಎಂದ ಕೊನೆಗೆ. “ಎಂತಕ್ಕೆ ಕಡೀಲಿಲ್ಲ?”

ಬೊಮ್ಮನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. “ನಿಮ್ಮದಲ್ದಾ ಗಿಡ? ಬೇರೆಯವ್ರದ್ದಕ್ಕೆ ನಾವು ಕೈ ಹಾಕೂಕೆ ಬರ್ತದಾ?”

ವ್ಯಂಗ್ಯದಲ್ಲಿ ಹೇಳಿದ್ದರೆ ರಮಾನಂದ ಜಗಳಕ್ಕೆ ನಿಲ್ಲುತ್ತಿದ್ದ. ಬೊಮ್ಮನ ಮಾತಿನಲ್ಲಿ ವ್ಯಂಗ್ಯವೇ ಇರಲಿಲ್ಲ. ರಮಾನಂದ, ಗಂಗಿ ಗೋಡೆಗೆ ಒರಗಿಸಿಟ್ಟಿದ್ದ ಕತ್ತಿ ಎತ್ತಿಕೊಂಡು ಓಣಿಗೆ ನಡೆದ.

ಜಯಂತಿ ಮನಸ್ಸಿನಲ್ಲಿ ಇಡೀ ದಿನಕ್ಕಾಗುವಷ್ಟು ಬೈಗುಳ ಕೂಡಿಟ್ಟುಕೊಂಡು ಅವನ ಹಿಂದೆ ಹೊರಟಿದ್ದಳು. ಅಷ್ಟರಲ್ಲಿ ಅವನು ಮಳೆಯಲ್ಲೇ ಮಂಡಿಯೂರಿ, ಟಯರಿನ ಬುಡದ ಮಣ್ಣು ಬಗೆದು, ಬೇರಿಗೆ ಮೊದಲ ಏಟು ಹಾಕಿದ್ದ. ದಪ್ಪ ಬೇರು. ಬಡಪೆಟ್ಟಿಗೆ ತುಂಡಾಗಲಿಲ್ಲ. ಮುಳ್ಳು ಅವನ ಕೈಯನ್ನೂ ಗೀರಿತು. ಅವನು ಕೈ ಹಿಂದೆಗೆಯಲಿಲ್ಲ.

“ಉಳಿದದ್ದೆಲ್ಲ ಅಂಗಳದಲ್ಲಿ ಹಿಡಿಯೂದಿಲ್ಲ,” ಎಂದ ತಲೆಯೆತ್ತದೆ.

“ಹಿಡಿಯದಿದ್ದದ್ದು ಬೇಕಾದವ್ರ ಮನೆಗೆ ಹೋಗ್ತದೆ,” ಎಂದಳು ಜಯಂತಿ. ಕೂಡಿಟ್ಟ ಬೈಗುಳ ಒಂದೂ ನೆನಪಾಗಲಿಲ್ಲ. ಅವಳು ಟಯರಿನ ಇನ್ನೊಂದು ಅಂಚಿಗೆ ಕೈ ಹಾಕಿ, ಅವನು ಕಡಿದಂತೆಲ್ಲ ಜಗ್ಗತೊಡಗಿದಳು.