ಮೂರನೇ ತೊಟ್ಟಿಯ ಬೀಗ

ಸಾಬೂನಿನ ಕಾರ್ಖಾನೆಯಲ್ಲಿ ನನ್ನ ಮಾವನನ್ನು ಎಲ್ಲರೂ ಪಾದ್ರಿ ಎಂದೇ ಕರೆಯುತ್ತಿದ್ದರು. ಅವರು ಪಾದ್ರಿ ಗೀದ್ರಿ ಏನೂ ಅಲ್ಲ, ನನ್ನ ಹಾಗೆಯೇ ತೊಟ್ಟಿ ತೊಳೆಯುವವರು. ಆದರೆ ಬಾಯಿ ತೆಗೆದರೆ ಕರ್ತನ ಮಾತು. ಬೋಲ್ಟು ಬಿಗಿಯುವಾಗಲೂ ಸ್ತೋತ್ರ, ಬಿಚ್ಚುವಾಗಲೂ ಸ್ತೋತ್ರ. ನನ್ನ ಹೆಂಡತಿಯ ಅಪ್ಪ ಆದ್ದರಿಂದ ಮನೆಯಲ್ಲೂ ಅವರೇ, ಕೆಲಸದಲ್ಲಿ ಜೋಡಿಯೂ ಅವರೇ. ಅವರ ಉಪದೇಶದಿಂದ ತಪ್ಪಿಸಿಕೊಳ್ಳಲು ನನಗೆ ಉಳಿದಿದ್ದ ಜಾಗ ಒಂದೇ, ತೊಟ್ಟಿಯ ತಳ.

ತೊಟ್ಟಿ ಎಂದರೆ ಎರಡಾಳು ಎತ್ತರದ ಉಕ್ಕಿನ ಕೊಳಗ. ನಡುವೆ ನೆಟ್ಟಗೆ ಒಂದು ದಪ್ಪ ಕಂಬಿ, ಅದಕ್ಕೆ ನಾಲ್ಕು ರೆಕ್ಕೆಗಳು. ಬಿಸಿ ಸಾಬೂನನ್ನು ಕಲಸುವುದು ಆ ರೆಕ್ಕೆಗಳ ಕೆಲಸ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿದಾಗ ಗೋಡೆಗೂ ತಳಕ್ಕೂ ಸಾಬೂನು ಕಲ್ಲಿನಂತೆ ಅಂಟಿಕೊಂಡಿರುತ್ತದೆ. ಒಬ್ಬ ಒಳಗಿಳಿದು ಅದನ್ನು ಕೆರೆಯಬೇಕು. ಇನ್ನೊಬ್ಬ ಮೇಲೆ ತೊಟ್ಟಿಯ ಬಾಯಿಯ ಹತ್ತಿರ ಹಗ್ಗ ಹಿಡಿದು ಕೂರಬೇಕು. ಅವನು ಆಗಾಗ ಒಂದು ಸಲ ಎಳೆಯುತ್ತಾನೆ, ಒಳಗಿದ್ದವನು ತಿರುಗಿ ಒಂದು ಸಲ ಎಳೆಯಬೇಕು. ಇದ್ದೀಯಾ? ಇದ್ದೀನಿ. ಅಷ್ಟೇ ಮಾತುಕತೆ.

ಇಳಿಯುವ ಮುಂಚೆ ಮಾಡಬೇಕಾದ ಕೆಲಸ ಇನ್ನೊಂದಿದೆ. ಕೆಳಗಿನ ಮಹಡಿಯಲ್ಲಿ ತೊಟ್ಟಿಯ ಸ್ವಿಚ್ಚಿನ ಪೆಟ್ಟಿಗೆ ಇದೆ, ಅದಕ್ಕೆ ಮೊಳದುದ್ದದ ಕಬ್ಬಿಣದ ಹಿಡಿ. ಹಿಡಿಯನ್ನು ಕೆಳಗಿಳಿಸಿದರೆ ಅದರ ತೂತೂ ಪೆಟ್ಟಿಗೆಯ ತೂತೂ ಒಂದಕ್ಕೊಂದು ಕೂಡುತ್ತವೆ. ತೊಟ್ಟಿಗೆ ಇಳಿಯುವವನು ಅಲ್ಲಿಗೆ ತನ್ನ ಸ್ವಂತ ಬೀಗ ಹಾಕಿ, ಬೀಗದಕೈಯನ್ನು ಕೊರಳಿಗೆ ಕಟ್ಟಿಕೊಂಡು, ಪಕ್ಕದ ಹಲಗೆಯ ಮೇಲೆ ತನ್ನ ನಂಬರಿನ ಬಿಲ್ಲೆಯನ್ನು ನೇತುಹಾಕಬೇಕು. ಆಮೇಲೆ ಮಾಲೀಕನೇ ಬಂದರೂ ಆ ಹಿಡಿಯನ್ನು ಎತ್ತಲಾರ. ಹೊರಗೆ ಬಂದಾಗಲೆಲ್ಲ, ಚಹಾಕ್ಕೇ ಆದರೂ ಸರಿ, ಬೀಗವನ್ನೂ ಬಿಲ್ಲೆಯನ್ನೂ ತೆಗೆಯಬೇಕು. ಮತ್ತೆ ಇಳಿಯುವಾಗ ಮತ್ತೆ ಹಾಕಬೇಕು. ಮೇಲಿನಿಂದ ಕೆಳಗೆ ಇಪ್ಪತ್ತೆರಡು ಮೆಟ್ಟಿಲು.

ಆ ದಿನ ನಮ್ಮ ಪಾಲಿಗೆ ಬಂದದ್ದು ಮೂರನೇ ತೊಟ್ಟಿ. ಚಹಾದ ಹೊತ್ತಿಗೆ ನಾನು ಬೀಗ ತೆಗೆದೆ, ಬಿಲ್ಲೆ ತೆಗೆದೆ. ಲೋಟ ಹಿಡಿದು ಕುಳಿತ ಕೂಡಲೇ ಮಾವ ಶುರು ಮಾಡಿದರು.

"ಕರ್ತ ಕೈ ಬಿಡಲ್ಲ ಅಂದ ಮೇಲೆ ಬಿಡಲ್ಲ ಕಣಪ್ಪ. ಮನುಷ್ಯರ ಮಾತಲ್ಲ ಅದು."

"ಬರೆದು ಕೊಟ್ಟಿದಾನಾ ಮಾವ?"

"ಕೊಟ್ಟಿದಾನೆ. ರಕ್ತದಲ್ಲಿ."

ಉತ್ತರ ಅವರಿಗೆ ನಾಲಿಗೆಯ ತುದಿಯಲ್ಲೇ ಇರುತ್ತದೆ. ನನಗೆ ರೇಗಿತು. "ನಮ್ಮಪ್ಪನೂ ಮಾತು ಕೊಟ್ಟಿದ್ದ. ಮುಂದಿನ ಭಾನುವಾರ ಬರ್ತೀನಿ ಅಂತ. ಇನ್ನೂ ಬರ್ತಾನೇ ಇದಾನೆ."

ಮಾವ ತಲೆ ತಗ್ಗಿಸಿದರು. ಅವರಿಗೆ ಆ ಕಥೆ ಗೊತ್ತು. ಎಂಟು ವರ್ಷದ ನನ್ನನ್ನು ಅಪ್ಪ ಹಾಸ್ಟೆಲ್ಲಿಗೆ ಬಿಟ್ಟು, ತಲೆ ಸವರಿ, ಭಾನುವಾರ ಬರುತ್ತೇನೆಂದು ಹೇಳಿ ಹೋದ. ಹನ್ನೊಂದು ಭಾನುವಾರ ನಾನು ಗೇಟಿನ ಸರಳು ಹಿಡಿದು ನಿಂತಿದ್ದೆ. ಹನ್ನೆರಡನೆಯ ಭಾನುವಾರ ನಿಲ್ಲಲಿಲ್ಲ. ಅವನೇನು ಸತ್ತಿರಲಿಲ್ಲ, ಬೇರೆ ಊರಲ್ಲಿ ಬೇರೆ ಸಂಸಾರ ಮಾಡಿಕೊಂಡು ಸುಖವಾಗಿದ್ದ. ಅಂದಿನಿಂದ ಯಾರು ಏನು ಮಾತು ಕೊಟ್ಟರೂ, ಮೇಲಿರುವವನು ಕೊಟ್ಟರೂ, ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟುಬಿಡುತ್ತೇನೆ. ಹೆಂಡತಿಯ ಒತ್ತಾಯಕ್ಕೆ ಭಾನುವಾರ ಚರ್ಚಿನ ಆರಾಧನೆಗೆ ಹೋಗುತ್ತೇನೆ, ಎಲ್ಲರೂ ಎದ್ದಾಗ ಏಳುತ್ತೇನೆ, ಕೂತಾಗ ಕೂರುತ್ತೇನೆ.

ಸಿಟ್ಟಿನಲ್ಲೇ ಲೋಟ ಕುಕ್ಕಿ ಎದ್ದೆ. ಮೆಟ್ಟಿಲು ಹತ್ತಿ ಮೇಲೆ ಬಂದ ಮೇಲೆ ನೆನಪಾಯಿತು, ಬೀಗ ಇನ್ನೂ ಜೇಬಿನಲ್ಲೇ ಇದೆ. ಉಳಿದಿದ್ದದ್ದು ತಳದ ರೆಕ್ಕೆಯ ಕೆಳಗಿನ ಒಂದು ಮೂಲೆ ಮಾತ್ರ, ಐದು ನಿಮಿಷದ ಕೆಲಸ. ಅಷ್ಟಕ್ಕೆ ಇಪ್ಪತ್ತೆರಡು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬರಲು ಯಾರಿಗೆ ಬೇಕಿತ್ತು?

ಹಿಂದೆಯೇ ಏದುಸಿರು ಬಿಡುತ್ತಾ ಬಂದ ಮಾವ ಹಗ್ಗವನ್ನು ನನ್ನ ಸೊಂಟದ ಪಟ್ಟಿಗೆ ಸಿಕ್ಕಿಸಿದರು. ಮಂಡಿನೋವಿನವರು, ಮೆಟ್ಟಿಲು ಹತ್ತುವಾಗ ಕಂಬಿಗೆ ಜೋತುಬೀಳುತ್ತಾರೆ.

"ಬೀಗ ಹಾಕ್ದ್ಯಾ?"

"ಹಾಕಿದೀನಿ ಮಾವ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅವರು ನನ್ನ ಜೇಬು ಮುಟ್ಟಿ ನೋಡಲಿಲ್ಲ. ದಿನವೂ ಹೇಳುವುದನ್ನೇ ಹೇಳಿದರು. "ಹೋಗು. ನೀನು ಹೊರಗೆ ಬರೋ ತನಕ ನಿನ್ನ ಜವಾಬ್ದಾರಿ ನಂದು." ನಾನು ಹಗ್ಗದ ಏಣಿ ಹಿಡಿದು ಇಳಿದೆ.

ತಳದ ರೆಕ್ಕೆಗೂ ನೆಲಕ್ಕೂ ಮಧ್ಯೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಜಾಗ. ಬೋರಲು ಮಲಗಿ, ಎಡಗಾಲನ್ನು ರೆಕ್ಕೆಯ ಕೆಳಗೆ ತೂರಿಸಿಕೊಂಡರೆ ಮಾತ್ರ ಆ ಮೂಲೆ ಕೈಗೆ ಸಿಗುತ್ತದೆ. ಹಾಗೇ ಮಲಗಿ ಕೆರೆಯುತ್ತಿದ್ದೆ. ಮೂಗಿನ ತುಂಬ ಸಾಬೂನಿನ ವಾಸನೆ. ಮೇಲಿನಿಂದ ಹಗ್ಗ ಒಂದು ಸಲ ಎಳೆಯಿತು. ನಾನೂ ಒಂದು ಸಲ ಎಳೆದೆ.

ಗಂಟೆ ಹೊಡೆಯತೊಡಗಿತು.

ಪ್ರತಿ ತೊಟ್ಟಿಯ ಅಂಚಿಗೂ ಒಂದು ಎಚ್ಚರಿಕೆಯ ಗಂಟೆ ಇದೆ. ರೆಕ್ಕೆ ತಿರುಗುವುದಕ್ಕೆ ಸರಿಯಾಗಿ ಒಂದು ನಿಮಿಷ ಮುಂಚೆ ಅದು ಹೊಡೆದುಕೊಳ್ಳಲು ಶುರುವಾಗುತ್ತದೆ, ನಿಂತ ಕೂಡಲೇ ಕೆಳಗಿದ್ದವನು ಹಿಡಿ ಎತ್ತುತ್ತಾನೆ. ಪಕ್ಕದ ತೊಟ್ಟಿಯದಿರಬೇಕೆಂದು ಒಂದು ಕ್ಷಣ ಅಂದುಕೊಂಡೆ. ಆದರೆ ನನ್ನ ಎದೆಯ ಕೆಳಗಿನ ಉಕ್ಕು ನಡುಗುತ್ತಿತ್ತು.

ಕೆಳಗೆ ಏನಾಗಿದೆಯೆಂದು ನನಗೆ ಕಣ್ಣಿಗೆ ಕಟ್ಟಿದಂತೆ ಹೊಳೆಯಿತು. ನಮ್ಮ ಮೇಲ್ವಿಚಾರಕ ಬಂದಿದ್ದಾನೆ. ಸದಾ ಕೈಗಡಿಯಾರ ನೋಡುವ ಮನುಷ್ಯ, ಆದ್ದರಿಂದ ಅವನಿಗೆ ಗಡಿಯಾರ ಎಂದೇ ಹೆಸರು. ಹಲಗೆಯ ಮೇಲೆ ಬಿಲ್ಲೆ ಇಲ್ಲ, ಹಿಡಿಗೆ ಬೀಗ ಇಲ್ಲ. ತೊಳೆದಾಯಿತು ಎಂದುಕೊಂಡು ಗಂಟೆಯ ಗುಂಡಿ ಒತ್ತಿದ್ದಾನೆ. ಅವನ ತಪ್ಪೇನೂ ಇರಲಿಲ್ಲ.

ಕಾಲು ಎಳೆದುಕೊಂಡೆ. ಬರಲಿಲ್ಲ. ಬೂಟಿನ ಮೂತಿ ರೆಕ್ಕೆಯ ತುದಿಗೂ ನೆಲದ ಸಾಬೂನಿನ ಗಡ್ಡೆಗೂ ನಡುವೆ ಕಚ್ಚಿಕೊಂಡಿತ್ತು. ಇನ್ನೊಂದು ಸಲ ಎಳೆದೆ. ಹಿಮ್ಮಡಿ ಚುಳುಕ್ ಎಂದಿತು, ಬೂಟು ಅಲುಗಲಿಲ್ಲ.

ಕತ್ತು ತಿರುಗಿಸಿದೆ. ಮೇಲೆ ತೊಟ್ಟಿಯ ಬಾಯಿಯ ಬೆಳಕಿಗೆ ಅಡ್ಡವಾಗಿ ಮಾವನ ಮುಖ ಕಾಣಿಸಿತು. ಅವರು ಹೆದರಿರಲಿಲ್ಲ. "ಯಾವನೋ ತಪ್ಪು ಗುಂಡಿ ಒತ್ತಿದಾನೆ ಕಣೋ, ಗಾಬರಿ ಆಗ್ಬೇಡ!" ಎಂದು ಗಂಟೆಗಿಂತ ಜೋರಾಗಿ ಕೂಗಿದರು. "ನಿನ್ನ ಬೀಗ ಇದೆಯಲ್ಲ!"

ನನ್ನ ಒಂದು ಮಾತನ್ನು ನಂಬಿ ಅವರು ಅಷ್ಟು ನಿಶ್ಚಿಂತೆಯಿಂದ ನಿಂತಿದ್ದರು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಹತ್ತು ಸೆಕೆಂಡು ಆಗಲೇ ಹೋಗಿತ್ತೋ ಏನೋ.

"ಮಾವಾ, ಬೀಗ ಹಾಕಿಲ್ಲ!"

"ಏನು?"

"ಸುಳ್ಳು ಹೇಳ್ದೆ ಮಾವ! ಬೀಗ ಜೇಬಲ್ಲಿದೆ! ಕಾಲು ಸಿಕ್ಕಿಹಾಕ್ಕೊಂಡಿದೆ!"

ಅವರ ಮುಖದಲ್ಲಿ ಏನು ಬದಲಾಯಿತೋ ಬೆಳಕಿಗೆದುರಾಗಿ ನನಗೆ ಕಾಣಲಿಲ್ಲ. ಮುಖ ತೊಟ್ಟಿಯ ಬಾಯಿಯಿಂದ ಮರೆಯಾಯಿತು, ಬರೀ ಬೆಳಕು ಉಳಿಯಿತು.

ಹಗ್ಗ ಎಳೆದೆ. ತಿರುಗಿ ಯಾರೂ ಎಳೆಯಲಿಲ್ಲ. ಮತ್ತೆ ಎಳೆದೆ, ಬೆರಳಿನ ಸಂದು ಕಿತ್ತುಹೋಗುವಷ್ಟು ಜೋರಾಗಿ. "ಮಾವಾ!" ಮೇಲೆ ಯಾರೂ ಇಲ್ಲ. ಹಗ್ಗ ಹಿಡಿದವನು ಜಾಗ ಬಿಡಬಾರದು ಎಂಬುದು ಕಾರ್ಖಾನೆಯ ಮೊದಲ ಪಾಠ. ಮಾವ ಬಿಟ್ಟೇಬಿಟ್ಟರು. ಹೋಗಲಿ, ಯಾಕೆ ಹೋಗಬಾರದು? ನಾನು ಅವರಿಗೆ ಸುಳ್ಳು ಹೇಳಿದ್ದೆ. ಅವರ ದೇವರನ್ನು ಅಣಕಿಸಿದ್ದೆ. ಅರವತ್ತೊಂದರ ಕುಂಟು ಮಂಡಿಯ ಮುದುಕ ಇಷ್ಟು ಹೊತ್ತಿನಲ್ಲಿ ಇಪ್ಪತ್ತೆರಡು ಮೆಟ್ಟಿಲು ಇಳಿದು, ಯಂತ್ರಗಳ ಸಾಲು ದಾಟಿ, ಆ ಪೆಟ್ಟಿಗೆ ಮುಟ್ಟುವುದು ಆಗದ ಮಾತು.

ಕೆರೆಯುವ ಉಳಿಯಿಂದ ಬೂಟಿನ ದಾರ ಕೊಯ್ಯತೊಡಗಿದೆ. ಸಾಬೂನು ಮೆತ್ತಿ ದಾರ ತಂತಿಯಂತಾಗಿತ್ತು. ಕೈ ಜಾರಿತು, ಉಳಿ ಕಣಕಾಲಿಗೆ ಹೊಕ್ಕಿತು, ನೋವು ಗೊತ್ತಾಗಲಿಲ್ಲ. ಆಗ ನಾನು ಪ್ರಾರ್ಥನೆ ಮಾಡಿದೆ ಎಂದು ಹೇಳಿದರೆ ಚೆನ್ನಾಗಿರುತ್ತದೆ. ಮಾಡಲಿಲ್ಲ. ಬೈದೆ. ನೀನೂ ಅವನಂಥವನೇ, ಕೈ ಬಿಡಲ್ಲ ಅಂತೀಯ, ಬೇಕಾದಾಗ ಮುಖ ತೋರಿಸಲ್ಲ ಎಂದು ಹಲ್ಲು ಕಚ್ಚಿಕೊಂಡು ಅತ್ತೆ. ಯಾರನ್ನು ಬೈಯುತ್ತಿದ್ದೇನೆ, ಅಪ್ಪನನ್ನೋ, ಮಾವನನ್ನೋ, ಅವರ ಕರ್ತನನ್ನೋ, ನನಗೇ ತಿಳಿಯುತ್ತಿರಲಿಲ್ಲ.

ಗಂಟೆ ನಿಂತಿತು.

ಗಂಟೆ ನಿಂತ ಮೇಲೆ ರೆಕ್ಕೆ ತಿರುಗಲು ಒಂದು ಉಸಿರಿನಷ್ಟು ಹೊತ್ತು ಸಾಕು. ಕಣ್ಣು ಮುಚ್ಚಿದೆ. ಹೆಂಡತಿಯ ಹೆಸರನ್ನು ಒಂದು ಸಲ ಹೇಳಿದೆ. ತೊಡೆಯ ಮೇಲೆ ತಣ್ಣಗಿನ ಉಕ್ಕು ಒತ್ತಿಕೊಂಡಿತ್ತು. ಒಂದು ಉಸಿರು ಕಳೆಯಿತು. ಎರಡು. ಹತ್ತು. ಎದೆ ಹೊಡೆದುಕೊಳ್ಳುವ ಸದ್ದು ಬಿಟ್ಟರೆ ಏನೂ ಇಲ್ಲ.

ರೆಕ್ಕೆ ತಿರುಗಲಿಲ್ಲ.

ಮತ್ತೆ ಉಳಿ ಹಾಕಿದೆ. ದಾರ ಹರಿದು ಕಾಲು ಬೂಟಿನಿಂದ ಕಿತ್ತುಕೊಂಡು ಬಂತು. ಏಣಿ ಹತ್ತಿದ್ದು ಹೇಗೋ ನೆನಪಿಲ್ಲ. ಮೇಲೆ ಹಗ್ಗದ ತುದಿಯನ್ನು ಕಟಕಟೆಗೆ ಎರಡು ಗಂಟು ಹಾಕಿ ಬಿಗಿದಿತ್ತು. ಮಾವನ ಹೆಲ್ಮೆಟ್ಟು ಮೆಟ್ಟಿಲಿನ ಅರ್ಧದಲ್ಲಿ ಬಿದ್ದಿತ್ತು. ಕೆಳಗಿನಿಂದ ಯಾರೋ, "ಹಿಡಿ ಇಳಿಸ್ರೋ, ಇಳಿಸ್ರೋ!" ಎಂದು ಅರಚುತ್ತಿದ್ದರು.

ನಾನು ಒಂದು ಕಾಲಿನ ಬೂಟಿನಲ್ಲಿ ಓಡಿದೆ. ಸ್ವಿಚ್ಚಿನ ಪೆಟ್ಟಿಗೆಯ ಮುಂದೆ ನಾಲ್ಕೈದು ಜನ. ಇಬ್ಬರು ಹಿಡಿಯನ್ನು ಕೆಳಕ್ಕೆ ಒತ್ತುತ್ತಿದ್ದರು. ಗಡಿಯಾರ, ಯಂತ್ರದ ಸದ್ದಿಗೆಂದು ಹಾಕುವ ಕಿವಿಯ ಮುಚ್ಚಳ ಕುತ್ತಿಗೆಗೆ ಎಳೆದುಕೊಂಡು, ಮುಖ ಬಿಳಚಿಕೊಂಡು ನಿಂತಿದ್ದ. ನಡೆದದ್ದು ನನಗೆ ಆಮೇಲೆ ಗೊತ್ತಾಯಿತು. ಆ ಮುಚ್ಚಳದಿಂದಾಗಿ ಮಾವನ ಕೂಗು ಅವನಿಗೆ ಕೇಳಿಸಿರಲಿಲ್ಲ. ಅವನು ಹಿಡಿಗೆ ಕೈ ಹಾಕಿದಾಗ ಮಾವ ಹಿಂದಿನಿಂದ ಬಂದಿದ್ದರು. ಅವನ ಭುಜ ಹಿಡಿದೆಳೆಯಲು ಸಮಯವಿರಲಿಲ್ಲ. ನನ್ನ ಬೀಗ ಇರಬೇಕಾಗಿದ್ದ ತೂತಿನಲ್ಲಿ ತಮ್ಮ ಬಲಗೈಯ ತೋರುಬೆರಳು ತೂರಿಸಿದ್ದರು. ಅವನು ಎಂದಿನಂತೆ ಬಲವಾಗಿ ಎತ್ತಿದ. ಎಲುಬು ಕಬ್ಬಿಣಕ್ಕೆ ಸಿಕ್ಕಿತು. ಹಿಡಿ ಅರ್ಧದಲ್ಲಿ ನಿಂತಿತು.

ಮಾವ ತಮ್ಮ ಬೆರಳನ್ನು ನೋಡುತ್ತಿರಲಿಲ್ಲ. ಮೆಟ್ಟಿಲ ಕಡೆ ನೋಡುತ್ತಿದ್ದರು. ನನ್ನನ್ನು ಕಂಡು, "ಬಂದ್ಯಾ?" ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಬೆರಳಿನ ಎರಡು ಗೆಣ್ಣು ತೆಗೆಯಲೇಬೇಕು ಎಂದರು. ತೆಗೆದರು. ಸಂಜೆಗೆ ಗಡಿಯಾರ ಒಂದು ಕಾಗದ ಹಿಡಿದುಕೊಂಡು ಬಂದ. ಯಾರ ತಪ್ಪು ಎಂದು ಬರೆಯಬೇಕಿತ್ತು ಅವನಿಗೆ. ತನ್ನದೇ ಎಂದು ಬರೆಯಬೇಕಾಗುತ್ತದೆಂದು ಅವನಿಗೆ ಹೆದರಿಕೆ. ಮಾವ ಕಣ್ಣು ಮುಚ್ಚಿಕೊಂಡಿದ್ದರು. ಅವರು ನನ್ನ ಮೇಲೆ ಹೇಳಲಿಲ್ಲ, ನನಗಾಗಿ ಸುಳ್ಳನ್ನೂ ಹೇಳಲಿಲ್ಲ. ಸುಮ್ಮನೆ ನನಗೆ ಬಿಟ್ಟರು.

"ಬೀಗ ಹಾಕದೆ ಇಳಿದವನು ನಾನು," ಎಂದೆ. "ಹಾಕಿದೀನಿ ಅಂತ ಮಾವನಿಗೆ ಸುಳ್ಳು ಹೇಳಿದೆ. ಹಾಗೇ ಬರ್ಕೊಳ್ಳಿ."

ಅವನು ಬರೆದುಕೊಂಡ. ನಾನು ಸಹಿ ಹಾಕಿದೆ. ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನು ಹೋದ ಮೇಲೆ ಕುರ್ಚಿಯಲ್ಲಿ ಕೂರಲು ಆಗದೆ ಮಂಚದ ಪಕ್ಕ ನೆಲದ ಮೇಲೆ ಕುಳಿತೆ.

"ಮಾವ, ಮೆಟ್ಟಿಲು ಇಳೀವಾಗ ನನ್ನ ಮೇಲೆ ಸಿಟ್ಟು ಬರ್ಲಿಲ್ವಾ?"

"ಬರ್ದೆ ಏನು? ಇಪ್ಪತ್ತೆರಡು ಮೆಟ್ಟಿಲೂ ಬೈಕೊಂಡೇ ಇಳಿದೆ. ಕರ್ತ ಕೇಳಿಸ್ಕೊಂಡಿದ್ರೆ ನನ್ನ ಗತಿ ಗೋವಿಂದ." ನಗಲು ಹೋದರು, ನೋವಿಗೆ ಮುಖ ಕಿವುಚಿತು.

"ನೀವು ಹೋಗೇಬಿಟ್ರಿ ಅಂದ್ಕೊಂಡೆ. ಹಗ್ಗ ಎಳೆದೆ, ಯಾರೂ ಇರ್ಲಿಲ್ಲ."

"ಅಲ್ಲಿ ಕೂತು ಹಗ್ಗ ಎಳೆದಿದ್ರೆ ನಿಂಗೆ ಸಮಾಧಾನ ಆಗ್ತಿತ್ತು. ಜೀವ ಹೋಗ್ತಿತ್ತು."

ಕೇಳಬೇಕೆಂದಿದ್ದನ್ನು ಕೇಳಿದೆ. "ನಾನು ಸುಳ್ಳು ಹೇಳಿದ್ದೆ. ನಿಮಗೆ ಗೊತ್ತಾಯ್ತು. ಆದ್ರೂ ಯಾಕೆ ಮಾವ?"

ಅವರು ನನ್ನ ಕಡೆ ತಿರುಗಿದರು. ಇಂಥ ದಡ್ಡ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೇನೋ.

"ನಿನ್ನ ಜವಾಬ್ದಾರಿ ನಂದು ಅಂದಿದ್ದೆನಲ್ಲೋ. ನೀನು ಮಾತು ತಪ್ಪಿದೆ ಅಂತ ನನ್ನ ಮಾತು ಬಿದ್ದುಹೋಗುತ್ತಾ?" ಎಂದರು. "ಇದು ನಾನು ಕಲಿತದ್ದು ಬೇರೆಯವನ ಹತ್ತಿರ," ಎಂದರು. ಉಪದೇಶ ಮುಂದುವರಿಸಲಿಲ್ಲ, ಔಷಧಿಯ ಮಂಪರು ಅವರನ್ನು ಎಳೆಯುತ್ತಿತ್ತು.

ಬ್ಯಾಂಡೇಜು ಸುತ್ತಿದ ಆ ಕೈಯನ್ನು ನೋಡುತ್ತಾ ಕುಳಿತೆ. ನಾನು ಕೆಳಗೆ ಮಲಗಿ ಬೈಯುತ್ತಿದ್ದ ಆ ನಿಮಿಷದಲ್ಲೇ ಈ ಕೈ ಅಲ್ಲಿಗೆ ಓಡುತ್ತಿತ್ತು. ಬೈಗುಳ ಇನ್ನೂ ನನ್ನ ಬಾಯಲ್ಲಿರುವಾಗಲೇ ಅದು ನನ್ನ ಬದಲು ಮುರಿದಿತ್ತು. ಈ ಕೈಗಿಂತ ಮುಂಚೆ ನನಗಾಗಿ ಶಿಲುಬೆಯ ಮೊಳೆಗೆ ಗಾಯಗೊಂಡ ಇನ್ನೊಂದು ಕೈಯ ವಿಷಯವನ್ನು ನಾನು ಭಾನುವಾರ ಭಾನುವಾರ ಕೇಳಿ, ಎದ್ದು, ಕೂತು, ಮನೆಗೆ ಬಂದಿದ್ದೆ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಗೇಟಿನ ಹತ್ತಿರ ನಿಂತಿದ್ದ ಎಂಟು ವರ್ಷದವನಿಗೆ ಕೊನೆಗೂ ಯಾರೋ ಬಂದ ಹಾಗಾಯಿತು.

"ಮಾವ, ಒಂದು ಪ್ರಾರ್ಥನೆ ಮಾಡಿ," ಎಂದೆ.

ಕಣ್ಣು ಮುಚ್ಚಿಕೊಂಡೇ ಅವರು ತಲೆ ಆಡಿಸಿದರು. "ಇವತ್ತು ನಂಗೆ ರಜ. ನೀನೇ ಮಾಡು ಅಳಿಯ."

ನನಗೆ ಪ್ರಾರ್ಥನೆ ಬರುತ್ತಿರಲಿಲ್ಲ. ಕೊನೆಗೆ, "ಕರ್ತನೇ, ನೀನು ಅಲ್ಲೇ ಇದ್ದೆ. ನಂಗೆ ಗೊತ್ತಾಗ್ಲಿಲ್ಲ," ಎಂದೆ. ಮುಂದೆ ಏನು ಹೇಳಬೇಕೋ ತಿಳಿಯದೆ ಅಳುತ್ತಾ ಕುಳಿತೆ.

ಮಂಚದ ಮೇಲಿನಿಂದ ಮಾವ ಆಮೆನ್ ಎಂದರು.