ಬೆರಳಿನ ಗೀರು

"ಎಡಗೈ ತೋರುಬೆರಳು ಕೊಡಿ," ಎಂದು ಶಾಯಿ ಹಚ್ಚುವ ದುಗ್ಗಪ್ಪ ಹೇಳುವ ಮೊದಲೇ ಸರಸಜ್ಜಿ ಹತ್ತೂ ಬೆರಳು ಚಾಚಿದಳು.

"ಯಾವ್ದ್ ಬೇಕೋ ತಕೊ. ಎಲ್ಲದ್ರಗೂ ಸಗಣಿ ಬಾಚಿದ್ದೇ."

ಬಿಜೂರು ಶಾಲೆಯ ಮತಗಟ್ಟೆ ಇಡೀ ನಕ್ಕಿತು. ಅಲ್ಲಿನ ಅಧ್ಯಕ್ಷಾಧಿಕಾರಿ ಭೋಜರಾಜನೂ ನಕ್ಕ. ಕುಂದಾಪುರದ ಕಾಲೇಜಿನಲ್ಲಿ ಅವನು ರಾಜ್ಯಶಾಸ್ತ್ರದ ಮೇಷ್ಟ್ರು. ಮತದಾನ ಪ್ರಜೆಯ ಮೊದಲ ಹೊಣೆ ಎಂದು ಹನ್ನೆರಡು ವರ್ಷಗಳಿಂದ ಪಾಠ ಮಾಡುತ್ತಿದ್ದವನು ಒಮ್ಮೆಯೂ ಮತ ಹಾಕಿರಲಿಲ್ಲ.

ಪ್ರತಿ ಸಲವೂ ಚುನಾವಣೆಯ ಕೆಲಸಕ್ಕೆ ಕರೆ ಬರುತ್ತಿತ್ತು. ಜೊತೆಗೆ ಅಂಚೆ ಮತಪತ್ರವೂ. ಒಂದೊಂದು ಹೆಸರಿಗೂ ಅವನಿಗೆ ಒಂದೊಂದು ಆಕ್ಷೇಪ ಹೊಳೆಯುತ್ತಿತ್ತು. ಆಕ್ಷೇಪಗಳು ಮುಗಿಯುವಷ್ಟರಲ್ಲಿ ಎಣಿಕೆಯೂ ಮುಗಿದಿರುತ್ತಿತ್ತು. ಈ ಸಲ ಹಾಗಾಗುವುದಿಲ್ಲ ಎಂದು ತರಗತಿಯಲ್ಲೇ ಮಾತು ಕೊಟ್ಟಿದ್ದ. ಮತಪತ್ರ, ಲಕೋಟೆ ಎರಡೂ ಬೆಳಿಗ್ಗೆಯಿಂದ ಅಂಗಿಯ ಜೇಬಿನಲ್ಲಿದ್ದವು. ಶಾಲೆಯ ಗೇಟಿನಲ್ಲೇ ಅಂಚೆ ಡಬ್ಬಿ ಇತ್ತು.

ಯಂತ್ರ ಕೀಂ ಎಂದಿತು. ಸರಸಜ್ಜಿ ಅವನ ಮೇಜಿನ ಮುಂದೆ ಬಂದು ನಿಂತಳು.

"ಹ್ವಾಯ್ ಮಾಷ್ಟ್ರೆ, ನಿಮ್ ಬೆರಳ್ ಕಾಂಬ."

"ನಮ್ಮದು ಅಂಚೆಯಲ್ಲಿ, ಅಜ್ಜಿ."

"ಕಳ್ಸಿ ಆಯ್ತಾ?"

"ಆಗ್ತದೆ."

"ಯಾರಿಗ್ ಅಂದ್ ನಾ ಕೇಣುದಿಲ್ಲೆ. ಬಡ್ಸುವರ್ ಉಣ್ದೇ ಮನಿಗ್ ಹೋಪುದ್ ಬ್ಯಾಡ, ಅಷ್ಟೇ."

ಐದು ಗಂಟೆಗೆ ಯಂತ್ರಕ್ಕೆ ಅರಗಿನ ಮುದ್ರೆ ಬಿತ್ತು. ನೂರಕ್ಕೆ ಎಂಬತ್ತೊಂದು ಜನ ಬಂದಿದ್ದರು. ಎಲ್ಲರ ಮುಖದಲ್ಲೂ ಗೆಲುವು. ಭೋಜರಾಜ ಮೂಲೆಯ ಬೆಂಚಿನಲ್ಲಿ ಮತಪತ್ರ ಬಿಡಿಸಿ ಪೆನ್ನು ತೆಗೆದ. ಮೊದಲ ಹೆಸರು ಓದಿದ. ಪೆನ್ನಿನ ಮುಚ್ಚಳ ಹಾಕಿದ. ಮತ್ತೆ ತೆಗೆದ. ಕೊನೆಗೆ ಮತಪತ್ರವನ್ನು ಮಡಚಿ ಜೇಬಿಗೇ ಇಳಿಸಿದ.

"ಸರ್, ಶಾಯಿ ಉಳ್ದಿತ್ತ್," ಎಂದ ದುಗ್ಗಪ್ಪ. "ನಿಮ್ಗೂ ಒಂದ್ ಗೀರ್ ಎಳೂದಾ? ಇಲ್ದಿರೆ ಕಾಲೇಜ್ ಮಕ್ಳ್ ನಂಬುದಿಲ್ಲೆ."

ತಮಾಷೆಗೆ ಅಂದದ್ದು. ಭೋಜರಾಜ ಬೆರಳು ಚಾಚಿದ. ಶಾಯಿ ತಣ್ಣಗೆ ಉಗುರಿನಿಂದ ಬೆರಳ ತುದಿಗೂ ಇಳಿಯಿತು. ಎಲ್ಲರೂ ನಕ್ಕರು, ಅವನು ಎಲ್ಲರಿಗಿಂತ ಜೋರಾಗಿ ನಕ್ಕ. ಇಷ್ಟು ಹಗುರವೇ ಇದು, ಅನ್ನಿಸಿತು.

ಕರೆದೊಯ್ಯಲು ಬಂದ ಬಸ್ಸು ಹಾರನ್ ಹೊಡೆಯಿತು. ಅವನು ಓಡಿಹೋಗಿ ಅಂಚೆ ಡಬ್ಬಿಯ ಮುಂದೆ ನಿಂತು ಜೇಬಿಗೆ ಕೈ ಹಾಕಿದ. ಮಡಚಿದ ಮತಪತ್ರ ಹಾಗೇ ಇತ್ತು. ಲಕೋಟೆಯನ್ನು ಹೊರತೆಗೆದ. ಮೇ ತಿಂಗಳ ಬೆವರಿಗೆ ಅದರ ಗೋಂದು ಕರಗಿ, ಒಳಗೆ ಏನೂ ಇಲ್ಲದೆಯೇ ಬಾಯಿ ಬಿಗಿಯಾಗಿ ಅಂಟಿಕೊಂಡಿತ್ತು.

ಮೇಲ್ಗಡೆ, ಅವನು ಹಿಡಿದಲ್ಲಿ, ಹಸಿ ಶಾಯಿಯ ಬೆರಳಚ್ಚೊಂದು ಸ್ಪಷ್ಟವಾಗಿ ಮೂಡುತ್ತಿತ್ತು.