ಶಪ್ಪೀರಾಳ ಪಾಲಿನ ಮೀನು

ಮೀನುಗಾರರ ಊರಾದ ಕಪೆರ್ನೌಮಿನಲ್ಲಿ ನಜರೇತಿನ ಯೇಸುವನ್ನು ಕಣ್ಣಾರೆ ಕಂಡವರಲ್ಲಿ ಉಳಿದಿದ್ದವಳು ಒಬ್ಬಳೇ, ಮುದುಕಿ ಶಪ್ಪೀರಾ. ಆತ ಶಿಲುಬೆಯ ಮೇಲೆ ಸತ್ತು ಅರವತ್ತು ವರ್ಷವಾಗಿತ್ತು. ವಾರದ ಮೊದಲ ದಿನ ಅವನ ಹೆಸರಿನಲ್ಲಿ ಕೂಡಿ ಉಣ್ಣುವವರು ರೊಟ್ಟಿ ಮುರಿದ ಮೇಲೆ ಅವಳನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. "ಕಂಡ ಕಣ್ಣು ಮಾತಾಡಲಿ" ಎನ್ನುವುದು ಅಲ್ಲಿಯ ಪದ್ಧತಿ. ಅವಳು ಹೇಳುವಳು, ಕೇಳುವವರು ತಿದ್ದುವರು.

"ಅಜ್ಜಿ, ಪ್ರಭುವಿನ ಮುಖ ಹೊಳೀತಿತ್ತು ಅನ್ನೋದು ಬಿಟ್ಬಿಟ್ರಲ್ಲ!"

ಮುದುಕಿ ಅದನ್ನೂ ಸೇರಿಸುವಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನರೊಡನೆ ಯಾರು ತಾನೇ ಎಷ್ಟು ದಿನ ಜಗಳವಾಡುತ್ತಾರೆ? ಹೀಗೆ ಹೇಳಿ ಹೇಳಿ, ತಾನು ಕಂಡದ್ದು ಯಾವುದು, ಊರು ಸೇರಿಸಿದ್ದು ಯಾವುದು ಎಂಬುದೇ ಅವಳಿಗೆ ಕಲಸಿಹೋಗಿತ್ತು. ಒಂದು ನೆನಪನ್ನು ಮಾತ್ರ ಯಾರಿಗೂ ಹೇಳದೆ ಉಳಿಸಿಕೊಂಡಿದ್ದಳು.

ಆ ವರ್ಷ ದಮಸ್ಕದಿಂದ ಹಿಲ್ಕೀಯ ಎಂಬ ಬರಹಗಾರ ಬಂದ. ನಲವತ್ತರ ಆಸುಪಾಸಿನವನು, ಮೆತ್ತನೆ ಮಾತು.

"ಪ್ರಭುವಿನ ಬಗ್ಗೆ ಊರಿಗೊಂದು ಕಥೆ ಆಗೋಗಿದೆ ಅಜ್ಜಿ. ಒಬ್ರು ಎತ್ತರ ಅಂತಾರೆ, ಇನ್ನೊಬ್ರು ಕುಳ್ಳ ಅಂತಾರೆ. ಕಂಡೋರು ಇರೋವಾಗ್ಲೇ ಬರೆದಿಡ್ಬೇಕು. ನೀವು ನಿಜವಾಗಿ ಕಂಡಿದ್ದು ಹೇಳಿ."

ಶಪ್ಪೀರಾ ಯೋಚಿಸಿದಳು. ಬಚ್ಚಿಟ್ಟ ಆ ನೆನಪಿನಲ್ಲಿ ಅವಳ ಅವ್ವ ಇದ್ದಳು. ತಾನು ಸತ್ತರೆ ಅವ್ವನೂ ಇನ್ನೊಮ್ಮೆ ಸಾಯುತ್ತಾಳೆ, ಬರೆದರೆ ಉಳಿಯುತ್ತಾಳೆ.

"ಆಮೇಲೆ ಮುಖ ಸಿಂಡರಿಸ್ಬಾರ್ದು ಮತ್ತೆ" ಎಂದಳು. "ನಂಗಾಗ ಏಳು ವರ್ಷ. ಬಲೆಗೆ ಏನೂ ಬಿದ್ದಿರ್ಲಿಲ್ಲ. ಮನೇಲಿದ್ದದ್ದು ಎರಡೇ ಮೀನು, ಅವ್ವಂಗೊಂದು, ನಂಗೊಂದು. ಮಧ್ಯಾಹ್ನ ಆತ ಬಂದ, ನಡೆದು ನಡೆದು ಸುಸ್ತಾಗಿದ್ದ. ಕೇಳ್ಲೂ ಇಲ್ಲ ಕಣಪ್ಪ, ನನ್ನ ಮೀನು ತಗೊಂಡು ತಿಂದೇಬಿಟ್ಟ. ನಾನು ನೆಲದ ಮೇಲೆ ಹೊರಳಾಡಿ ಅತ್ತೆ."

ಹಿಲ್ಕೀಯನ ಲೇಖನಿ ನಿಂತಿತು. "ಆಮೇಲೆ ಏನಾದ್ರೂ ಪವಾಡ ಮಾಡಿದ್ರಾ?"

"ಪವಾಡ ಎಲ್ಲಿಂದ ಬಂತೋ! ಅವ್ವ ತನ್ನ ಮೀನನ್ನ ನಂಗೆ ತಿನ್ನಿಸಿ, ತಾನು ಬರೀ ನೀರು ಕುಡಿದ್ಲು. ಆತ ಅದನ್ನ ನೋಡಿ ತಲೆ ತಗ್ಗಿಸ್ದ. ಅಷ್ಟೇ. ಆ ಚಳಿಗಾಲಕ್ಕೆ ಅವ್ವ ಜ್ವರ ಬಂದು ಹೋದ್ಲು. ಅವಳ ಮುಖ ನೆನಪಿಲ್ಲ ಮಗಾ. ಆ ಮೀನು ಹಿಡಿದ ಕೈ ಒಂದೇ ನೆನಪು. ಉಗುರಲ್ಲಿ ಮೀನಿನ ಹುರುಪೆ ಅಂಟ್ಕೊಂಡಿತ್ತು."

ಅವನು ತುಂಬಾ ಹೊತ್ತು ಬರೆದ. ಓದಲು ಬಾರದ ಮುದುಕಿ ಆ ಗೆರೆಗಳನ್ನೇ ನೋಡುತ್ತ ಕೂತಳು. ಮನಸ್ಸು ಹಗುರವಾಗಿತ್ತು.

ಮುಂದಿನ ಕೂಟದಲ್ಲಿ ಹಿಲ್ಕೀಯ ಓದಿದ: "ಮಗುವು ಹಸಿದು ಅಳುತ್ತಿತ್ತು. ಪ್ರಭುವು ತನ್ನ ಪಾಲಿನ ಮೀನನ್ನು ತನ್ನ ಕೈಯಾರೆ ಅದಕ್ಕೆ ತಿನ್ನಿಸಿದನು."

ಜನ ಆಹಾ ಎಂದರು. ಅವ್ವ ಅದರಲ್ಲಿ ಎಲ್ಲೂ ಇರಲಿಲ್ಲ.

"ಅದಲ್ಲ ಕಣೋ!" ಎಂದು ಶಪ್ಪೀರಾ ಕೂಗಿದಳು. "ತಿನ್ನಿಸಿದ್ದು ನಮ್ಮವ್ವ!"

"ಪಾಪ, ವಯಸ್ಸಾಯ್ತು ಅಜ್ಜಿಗೆ" ಎಂದು ಯಾರೋ ಪ್ರೀತಿಯಿಂದಲೇ ನಕ್ಕರು.

ಹಿಲ್ಕೀಯ ಬಂದು ಅವಳ ಕಾಲ ಬಳಿ ಕೂತ. ಅವನ ಕಣ್ಣು ತುಂಬಿತ್ತು. "ಯೇಸುವಿನ ಹೆಸರು ಬಿಡಲ್ಲ ಅಂತ ನಮ್ಮಪ್ಪ ರೋಮಿನವರ ಸೆರೆಮನೇಲಿ ಸತ್ರು ಅಜ್ಜಿ. ಪ್ರಭು ಮಗೂನ ಮೀನು ತಿಂದ್ರು ಅಂತ ಬರೆಯೋಕೆ ಕೂತೆ. ಕೈ ಏಳ್ಲಿಲ್ಲ."

ಅವಳಿಗೆ ಬೈಯಬೇಕೆನಿಸಿತು, ಆದರೆ ಅವನೂ ಯಾರದೋ ಮಗನೇ.

ಹಿಲ್ಕೀಯ ಒಂದು ಪ್ರತಿಯನ್ನು ಊರಿಗೆ ಕೊಟ್ಟು ಹೋದ. ವಾರವಾರವೂ ಅದನ್ನು ಓದಿದರು. ಮೊದಮೊದಲು ಅವಳು ತಲೆಯಾಡಿಸಿ ಅಲ್ಲವೆನ್ನುತ್ತಿದ್ದಳು, ಬರಬರುತ್ತ ಸುಮ್ಮನಾದಳು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಒಂದು ಮಧ್ಯಾಹ್ನ, ಓದು ನಡೆಯುತ್ತಿರುವಾಗಲೇ ಕಣ್ಣು ಮುಚ್ಚಿ ಅವ್ವನ ಕೈಯನ್ನು ನೆನೆದಳು. ಮೀನು ಬಂತು. ಅದನ್ನು ಹಿಡಿದದ್ದು ಗಂಡಸಿನ ಕೈ. ಎಷ್ಟು ಸಲ ಕಣ್ಣು ಮುಚ್ಚಿದರೂ ಅದೇ ಕೈ.

"ಅವ್ವಾ…" ಎಂದು ಮುದುಕಿ ಬಿಕ್ಕಿ ಬಿಕ್ಕಿ ಅತ್ತಳು.

"ಸುಮ್ನಿರ್ರೋ, ಅಜ್ಜಿಗೆ ಪ್ರಭು ಕಾಣಿಸ್ತಿದಾರೆ" ಎಂದು ಪಕ್ಕದವಳು ಪಿಸುಗುಟ್ಟಿದಳು. ಎಲ್ಲರೂ ಭಕ್ತಿಯಿಂದ ಎದ್ದು ನಿಂತರು.